ಮುಕ್ಕಾಲು ತಾಸಿನ ಭೂಮಿ

ರಾಣೇಬೆನ್ನೂರು
೮ ಜುಲೈ ೨೦೨೪

ಶ್ವೇತಾ,

ಹೇಗಿದ್ದೀ? ಕಾಗದದಲ್ಲಿ ಇದನ್ನು ಕೇಳಿದರೆ ಉತ್ತರಕ್ಕೆ ವಾರಗಟ್ಟಲೆ ಕಾಯಬೇಕು ಎಂಬುದು ಬರೆದ ಮೇಲೆ ಹೊಳೆಯಿತು.

ನಿನ್ನ ಫೋನು ಬಂದ್ ಇತ್ತು. ನಿಮ್ಮಣ್ಣ ಶಂಭುಲಿಂಗ ಅವರಿಗೆ ಮಾಡಿದೆ. "ಆಕಿ ಮಲಗ್ಯಾಳ್ರೀ. ತಲೀ ಪರೀಕ್ಷಾ ಆಗೂತನಕಾ ಸ್ಕ್ರೀನ್ ನೋಡಬಾರದು ಅಂದಾರ ಡಾಕ್ಟರು. ಕಂಪ್ಯೂಟರ್ ಇಲ್ಲ, ಟೀವಿ ಇಲ್ಲ, ಫೋನೂ ಇಲ್ಲ. ಹೇಳೂದೇನಾರ ಇದ್ರ ಕಾಗದಾ ಬರೀರಿ" ಎಂದರು. ಸಿಟ್ಟಿನಿಂದ ಅಂದರೋ ಖರೇನೇ ಅಂದರೋ ತಿಳಿಯಲಿಲ್ಲ. ಖರೇ ಎಂದುಕೊಂಡು ಅಂಚೆ ಕಚೇರಿಗೆ ಹೋಗಿ ಲಕೋಟೆ ತಂದೆ.

ಕೆಳಗೆ ಕೊಟ್ರಪ್ಪನವರ ಬೀಜದ ಅಂಗಡಿಯಲ್ಲಿ ಮುಂಗಾರಿನ ಗದ್ದಲ. ಗೋವಿನಜೋಳದ ಪಾಕೀಟು ಒಯ್ಯುವವರು ನಮ್ಮ ಮೆಟ್ಟಿಲ ಮೇಲೂ ಕೂತಿರುತ್ತಾರೆ. ಮೇಲಿನ ಕೋಣೆಯಲ್ಲಿ ನಾನೊಬ್ಬನೇ. ಮೂರು ವರ್ಷ ನಮ್ಮ ಈ ಕಂಪ್ಯೂಟರ್ ಆಟಕ್ಕೆ ನೀನು ನೆಲ ಮಾಡಿಕೊಟ್ಟೆ, ನಾನು ಅದರ ಮೇಲೆ ರಾಜರನ್ನು, ದಂಡನ್ನು, ಸಂತೆಗಳನ್ನು ಇಟ್ಟೆ. ನೀನು ಬರೆದ ಕೋಡಿನೊಳಗೆ ಒಮ್ಮೆಯೂ ಕಾಲಿಟ್ಟವನಲ್ಲ. ನಿನ್ನೆ ತೆರೆದು ನೋಡಿದೆ. ಫಲಕ, ವೇಗ, ಸವೆತ ಎಂದು ಏನೇನೋ ಇದೆ. ಒಂದು ಭೂಮಿ ತಯಾರಾಗಲು ಮುಕ್ಕಾಲು ತಾಸು ಬೇಕು ಎಂಬುದಷ್ಟೇ ನನಗೆ ಗೊತ್ತಿರುವುದು.

ಪುಣೆಯ ಕಂಪನಿಯವರು ಆಟ ಕೊಳ್ಳುವ ಮಾತಾಡಿದ್ದಾರೆ. ಅವರಿಗೆ ತೋರಿಸುವ ಮೊದಲು ನನಗೆ ತಿಳಿಯಬೇಕು. ದಣಿವಾಗದಿದ್ದರೆ, ಫಲಕಗಳು ಹೇಗೆ ಚಲಿಸುತ್ತವೆ ಎಂದು ಬರೆ. ದಣಿವಾದರೆ ಬೇಡ.

ನಿನ್ನ ಕುರ್ಚಿಯ ಮೇಲೆ ಏನೂ ಇಟ್ಟಿಲ್ಲ.

ಮಾಲತೇಶ


ಬ್ಯಾಡಗಿ
೧೯ ಜುಲೈ ೨೦೨೪

ಮಾಲತೇಶ,

ನಿನ್ನ ಕಾಗದವನ್ನು ಅಣ್ಣನೇ ತಂದುಕೊಟ್ಟ. "ನಾ ಸುಮ್ನ ಅಂದಿದ್ದೆ, ಆ ಹುಡುಗ ಬರದೇಬಿಟ್ಟಾನ" ಎಂದು ತಲೆ ಕೆರೆದುಕೊಂಡ. ಪಾಪ, ಒಡೆದು ನೋಡಿರಲಿಲ್ಲ.

ನಾನು ಗಟ್ಟಿಯಾಗಿದ್ದೇನೆ. ಗುಳಿಗೆ ತೆಗೆದುಕೊಂಡರೆ ನಾಲಿಗೆ ದಪ್ಪಗಾದಂತೆ ಅನಿಸುತ್ತದೆ, ಅಷ್ಟೇ. ಬಚ್ಚಲ ಬಾಗಿಲ ಚಿಲಕ ಹಾಕುವಂತಿಲ್ಲ, ಅವ್ವ ಹೊರಗೆ ಮಣೆ ಹಾಕಿಕೊಂಡು ಕೂತಿರುತ್ತಾಳೆ. ಒಲೆಯ ಹತ್ತಿರ ಬಿಡುವುದಿಲ್ಲ. ಸಂಜೆ ಎಲ್ಲರೂ ಪಡಸಾಲೆಯ ಬಾಗಿಲು ಮುಚ್ಚಿಕೊಂಡು ಟೀವಿ ನೋಡುತ್ತಾರೆ. ನಾನು ಒಳಗಿನ ಕೋಣೆಯಲ್ಲಿ ಕೂತು ಧಾರಾವಾಹಿಯನ್ನು ಬರೀ ಕಿವಿಯಿಂದ ಕೇಳುತ್ತೇನೆ. ಅತ್ತೆ ಯಾರು ಸೊಸೆ ಯಾರು ಎಂದು ಇನ್ನೂ ಗೊತ್ತಾಗಿಲ್ಲ. ನಾನು ಬಂದರೆ ಅಣ್ಣನ ಮಕ್ಕಳು ಫೋನನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಳ್ಳುತ್ತವೆ. ಮನೆಯಲ್ಲಿ ನನಗೊಂದು ಹಾದಿ ಬಿಟ್ಟು ಎಲ್ಲರೂ ಸರಿದು ನಿಂತಂತಿದೆ.

ಇಂಥದರಲ್ಲಿ ನೀನು ಫಲಕಗಳ ಬಗ್ಗೆ ಕೇಳಿದ್ದೀ. ಖುಷಿಯಾಯಿತು.

ತಟ್ಟೆಯಲ್ಲಿ ಒಂದು ಖಡಕ್ ರೊಟ್ಟಿ ಇಟ್ಟು ಅಂಗೈಯಿಂದ ಒತ್ತು. ಹತ್ತಾರು ಚೂರಾಗುತ್ತದೆ. ಭೂಮಿಯ ಮೇಲ್ಪದರವನ್ನು ನನ್ನ ಕೋಡು ಮೊದಲು ಹಾಗೆ ಒಡೆಯುತ್ತದೆ. ಒಂದೊಂದು ಚೂರೂ ಒಂದು ಫಲಕ, ಅದಕ್ಕೊಂದು ದಿಕ್ಕು, ಒಂದು ವೇಗ. ಆಮೇಲೆ ಎಲ್ಲವನ್ನೂ ಸ್ವಲ್ಪಸ್ವಲ್ಪವೇ ಸರಿಸುತ್ತಾ ಹೋಗುವುದು. ಸಮುದ್ರದ ತಳ ಭಾರ. ಅದು ನೆಲಕ್ಕೆ ಎದುರಾದರೆ ಅಡಿಗೆ ನುಗ್ಗುತ್ತದೆ, ದಂಡೆಗುಂಟ ಬೆಟ್ಟಗಳ ಸಾಲು ಏಳುತ್ತದೆ. ನೆಲಕ್ಕೆ ನೆಲವೇ ಎದುರಾದರೆ ಎರಡೂ ಬಗ್ಗುವುದಿಲ್ಲ, ನಡುವೆ ಮುದುಡಿ ಎತ್ತರದ ಪರ್ವತವಾಗುತ್ತದೆ. ಎರಡು ಚೂರು ದೂರ ಸರಿದರೆ ನಡುವೆ ಹೊಸ ಸಮುದ್ರ. ಮಳೆ, ನದಿ ಎಲ್ಲವನ್ನೂ ತೇಯುತ್ತಿರುತ್ತವೆ.

ಇಷ್ಟು ಯಾಕೆಂದು ನೀನು ಹಿಂದೆ ಕೇಳಿದ್ದೆ. ಆಟಗಾರನಿಗೆ ಮೊದಲಿಗೆ ತನ್ನ ಊರಿನ ಸುತ್ತ ಅಷ್ಟೇ ಕಾಣುತ್ತದೆ, ಉಳಿದ ನಕ್ಷೆ ಕಪ್ಪು. ನೆಲಕ್ಕೆ ಕಾರಣವಿದ್ದರೆ ಆ ಕಪ್ಪಿನಲ್ಲಿ ಏನಿರಬಹುದೆಂದು ಅವನು ಯೋಚಿಸಬಹುದು. ಈ ಬೆಟ್ಟ ಹೀಗೆ ಬಾಗಿದೆ, ಅಂದರೆ ಅದರಾಚೆ ಸಮುದ್ರವಿರಬೇಕು ಎಂದು ಹಡಗು ಕಟ್ಟಬಹುದು.

ಮುಂದಿನ ಸಲ ಒಂದು ಭೂಮಿ ಮಾಡಿ, ಅದು ಹೇಗಿದೆಯೆಂದು ಬರೆ. ನಾನು ಕಣ್ಣು ಮುಚ್ಚಿ ನೋಡುತ್ತೇನೆ.

ಶ್ವೇತಾ


ರಾಣೇಬೆನ್ನೂರು
೪ ಸೆಪ್ಟೆಂಬರ್ ೨೦೨೪

ಶ್ವೇತಾ,

ತಡವಾಯಿತು. ಪುಣೆಯವರ ಜೊತೆ ದಿನಾ ಮಾತುಕತೆ.

ನೀನು ಹೇಳಿದಂತೆ ರೊಟ್ಟಿ ಒಡೆದು ನೋಡಿದೆ. ಖಾನಾವಳಿಯವರು, "ಸರ್, ರೊಟ್ಟಿ ಮೆತ್ತಗ ಆಗೇತೇನ್ರಿ?" ಎಂದು ಬೇರೆ ತಂದಿಟ್ಟರು.

ಒಂದು ಭೂಮಿ ಮಾಡಿದೆ. ಪಡುವಣ ದಂಡೆಗುಂಟ ಉದ್ದಕ್ಕೂ ಬೆಟ್ಟದ ಸಾಲು, ದಕ್ಷಿಣಕ್ಕೆ ಬಂದಂತೆ ತಗ್ಗಾಗಿ ಸಮುದ್ರದೊಳಗೆ ಮುಳುಗುತ್ತದೆ. ಮುಳುಗಿದಲ್ಲಿಂದ ಮುಂದೆ ಬಿಲ್ಲಿನಂತೆ ಬಾಗಿದ ದ್ವೀಪಗಳು. ಮೂಡಣದಲ್ಲಿ ಇನ್ನೊಂದು ಖಂಡ. ಎರಡರ ಎದುರುಬದುರು ದಂಡೆಗಳನ್ನು ಹಾಳೆಯ ಮೇಲೆ ಬರೆದು ಕತ್ತರಿಸಿ ಕೂಡಿಸಿದೆ. ಚಪ್ಪರದ ಬಿದಿರಿನ ಎರಡು ಸೀಳಿನ ಹಾಗೆ ಹೊಂದಿಕೊಂಡವು. ಹೊತ್ತು ಹೋದದ್ದೇ ತಿಳಿಯಲಿಲ್ಲ. ತೋರಿಸಲು ಯಾರೂ ಇರಲಿಲ್ಲ, ಕೊಟ್ರಪ್ಪನವರನ್ನು ಕರೆದು ತೋರಿಸಿದೆ. "ಚಲೋ ಐತ್ರಿ. ಅಲ್ಲ, ಆ ಅಕ್ಕಾರು ಯಾವಾಗ ಬರ್ತಾರ?" ಎಂದರು.

ಒಂದು ತೊಂದರೆ. ಹೊತ್ತು ಹೆಚ್ಚು ಕೊಟ್ಟರೆ ಎಲ್ಲ ನೆಲವೂ ಒಂದಕ್ಕೊಂದು ಬಂದು ಅಂಟಿಕೊಂಡು ಒಂದೇ ಮುದ್ದೆಯಾಗುತ್ತದೆ, ಆಮೇಲೆ ಏನೂ ಅಲುಗುವುದಿಲ್ಲ. ಎಲ್ಲ ರಾಜರೂ ಒಂದೇ ಅಂಗಳದಲ್ಲಿ. ಹಡಗಿಗೆ ಕೆಲಸವೇ ಇಲ್ಲ. ಏನು ಮಾಡಲಿ?

ಪರೀಕ್ಷೆ ಯಾವಾಗ?

ಮಾಲತೇಶ


ಬ್ಯಾಡಗಿ
೧೫ ಸೆಪ್ಟೆಂಬರ್ ೨೦೨೪

ಮಾಲತೇಶ,

ನೀನು ಬರೆದ ಭೂಮಿಯನ್ನು ನಾನು ನೋಡಿದೆ. ಪಡುವಣ ಬೆಟ್ಟಗಳ ಹಿಂದೆ ಮಳೆ ಕಡಿಮೆ ಇರುತ್ತದೆ, ಅಲ್ಲಿ ಊರು ಹಾಕಬೇಡ.

ನೆಲ ಮುದ್ದೆಯಾಗುವುದು ತಪ್ಪಲ್ಲ. ಪ್ರತಿ ಡಿಕ್ಕಿಯಲ್ಲೂ ಫಲಕಗಳ ವೇಗ ಕಡಿಮೆಯಾಗುತ್ತದೆ, ಕೊನೆಗೆ ನಿಲ್ಲುತ್ತವೆ. ನಿಂತದ್ದು ಕಂಡ ಕೂಡಲೇ ಮತ್ತೆ ಹೊಸದಾಗಿ ಒಡೆಯಬೇಕು. ಹಳೆಯ ಗಡಿಯಲ್ಲೇ ಒಡೆಯಬೇಕೆಂದಿಲ್ಲ. ಬೆಟ್ಟಗಳನ್ನು ಅಳಿಸಬೇಡ, ಅವು ಇದ್ದಲ್ಲೇ ಇರಲಿ. ಚೂರುಗಳು ಸರಿದಾಗ ಅವೂ ತುಂಡಾಗಿ ಆಚೆಗಿಷ್ಟು ಈಚೆಗಿಷ್ಟು ಹೋಗುತ್ತವೆ. ಕೋಡಿನ ಕೊನೆಯಲ್ಲಿ 'ಮರುಒಡೆತ' ಎಂದು ಬರೆದು ಮುಚ್ಚಿಟ್ಟ ಭಾಗವಿದೆ, ಅದನ್ನು ತೆರೆ.

ಈಗ ಹಗಲು ಹೊತ್ತು ಅಣ್ಣನ ಮಂಡಿಯ ಶೆಡ್ಡಿಗೆ ಹೋಗುತ್ತೇನೆ. ಕೋಲ್ಡ್ ಸ್ಟೋರೇಜಿನಿಂದ ತಂದ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸ. ಮೊದಲ ದಿನ ಸೀನಿ ಸೀನಿ ಸಾಕಾಯಿತು. ಪಕ್ಕದಲ್ಲಿ ಕೂರುವ ಗುಡ್ಡವ್ವ ಎಂಬ ಮುದುಕಿ ಕೇಳಿದಳು:

"ಯವ್ವಾ, ಕಂಪ್ಯೂಟರಿನ್ಯಾಗ ಭೂಮಿ ಮಾಡತಿದ್ದೆಂತ, ಖರೇನ?"

"ಹೌದಬೇ."

"ಎಷ್ಟು ಮಾಡೀದಿ?"

"ಎಷ್ಟೋ. ಎಣಿಸಿಲ್ಲ."

"ಒಂದ್ ಎಕರೇನಾರ ನಿನ್ನ ಹೆಸರಿಗೆ ಹಚ್ಚಿಕೊಂಡಿಯಿಲ್ಲ?"

ಶೆಡ್ಡಿನಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಅದನ್ನು ಹೇಳಲು ಹೋದರೆ ಅವ್ವ, "ಭಾಳ ನಗಬ್ಯಾಡ, ತಲಿಗೆ ಏರತೈತಿ" ಎಂದಳು.

ಪರೀಕ್ಷೆಯ ಮಾತು ತೆಗೆದರೆ ಅಣ್ಣ ಮುಂದಿನ ತಿಂಗಳು ಎನ್ನುತ್ತಾನೆ. ಯಾಕೆಂದು ತಿಳಿಯದು.

ಶ್ವೇತಾ


ರಾಣೇಬೆನ್ನೂರು
೨ ನವೆಂಬರ್ ೨೦೨೪

ಶ್ವೇತಾ,

ದೀಪಾವಳಿ ಚೆನ್ನಾಗಿ ಆಯಿತೇ? ನಾನು ಕೋಣೆಯಲ್ಲೇ ಇದ್ದೆ. ಕೊಟ್ರಪ್ಪನವರ ಮನೆಯಿಂದ ಹೋಳಿಗೆ ಬಂತು.

ಎಲ್ಲ ಸುಸೂತ್ರ ನಡೆದಿದೆ. ಪುಣೆಯವರು ಒಪ್ಪಿದ್ದಾರೆ, ಕಾಗದಪತ್ರ ಬರುತ್ತಿವೆ. ಹಣದಲ್ಲಿ ಅರ್ಧ ನಿನ್ನದು.

ನಿನ್ನೆಯ ಭೂಮಿಯ ಬಗ್ಗೆ ಬರೆಯುತ್ತೇನೆ. ದೊಡ್ಡ ಖಂಡ, ಅದರ ನಟ್ಟನಡುವೆ ಎತ್ತರದ ಬೆಟ್ಟಗಳ ಗುಂಪು. ಬಡಗಣಕ್ಕೆ ಇನ್ನೊಂದು ಗುಂಪು, ತೆಂಕಣಕ್ಕೆ ಚಿಕ್ಕದೊಂದು. ದಂಡೆ ಸುತ್ತಲೂ ಹರಿದ ಅರಿವೆಯಂತೆ ಚಿಂದಿಚಿಂದಿ. ಸಮುದ್ರದಲ್ಲಿ ಅಲ್ಲಲ್ಲಿ ದ್ವೀಪಗಳು, ಅಕ್ಕಿ ಚೆಲ್ಲಿದ ಹಾಗೆ. ಆಚೆ ಇನ್ನೊಂದು ಖಂಡ, ಅದರ ನಡುವೆಯೂ ಬೆಟ್ಟಗಳು. ಬಹಳ ಚೆಂದವಿದೆ. ನೀನು ನೋಡಿದ್ದರೆ ಖುಷಿಪಡುತ್ತಿದ್ದೆ.

ಗುಳಿಗೆ ತಪ್ಪಿಸಬೇಡ.

ಮಾಲತೇಶ


ಬ್ಯಾಡಗಿ
೧೧ ನವೆಂಬರ್ ೨೦೨೪

ಮಾಲತೇಶ,

ನಿನ್ನ ಕಾಗದವನ್ನು ಎರಡು ದಿನ ಇಟ್ಟುಕೊಂಡು ಓದಿದೆ. ಆ ಭೂಮಿಯನ್ನು ನೋಡಲು ಪ್ರಯತ್ನಿಸಿದೆ. ಆಗಲಿಲ್ಲ.

ಖಂಡದ ನಡುವಿನ ಬೆಟ್ಟ ಗುಂಪಾಗಿ ಯಾಕಿದೆ? ಎರಡು ನೆಲ ಗುದ್ದಿದ್ದರೆ ಅದು ಗೆರೆಯಾಗಿರಬೇಕಿತ್ತು. ದ್ವೀಪಗಳು ಚೆಲ್ಲಿದಂತೆ ಯಾಕಿವೆ? ಒಂದಾದರೂ ಸಾಲು ಕಟ್ಟಿಲ್ಲ. ಸುತ್ತಲೂ ದಂಡೆ ಒಂದೇ ತರ ಹರಿದಿದೆ ಎಂದಿದ್ದೀ. ಫಲಕ ಎದುರಾಗುವ ದಂಡೆ ಬೇರೆ, ಬೆನ್ನ ಹಿಂದಿನ ದಂಡೆ ಬೇರೆ, ಅವು ಒಂದೇ ತರ ಇರಲಾರವು. ನಿನ್ನ ಭೂಮಿಯಲ್ಲಿ ಯಾವುದೂ ಯಾವುದನ್ನೂ ತಳ್ಳಿಲ್ಲ.

ಇದು ನನ್ನ ಫಲಕಗಳು ಮಾಡಿದ ನೆಲವಲ್ಲ. ಸುಮ್ಮನೆ ಅಡ್ಡಾದಿಡ್ಡಿ ಅಂಕಿಗಳನ್ನು ನುಣ್ಣಗೆ ಮಾಡಿ, ಎತ್ತರ ಬಂದಲ್ಲಿ ಬೆಟ್ಟ, ತಗ್ಗು ಬಂದಲ್ಲಿ ನೀರು ಎಂದು ಬಣ್ಣ ಹಚ್ಚಿದ್ದು. ಎರಡು ಕ್ಷಣದ ಕೆಲಸ.

ತೆಗೆದುಹಾಕಿದ್ದೀ, ಅಲ್ಲವೇ? ಪುಣೆಯವರು ಹೇಳಿರಬೇಕು. ಅವರಿಗೆ ಮುಕ್ಕಾಲು ತಾಸು ಕಾಯುವ ಆಟಗಾರ ಎಲ್ಲಿ ಸಿಗಬೇಕು. ಅದು ನನಗೆ ಅರ್ಥವಾಗುತ್ತದೆ. ಕೇಳಿದ್ದರೆ ಜಗಳವಾಡಿ, ಕೊನೆಗೆ ಹೂಂ ಅನ್ನುತ್ತಿದ್ದೆ. ಆದರೆ 'ನೀನು ನೋಡಿದ್ದರೆ ಖುಷಿಪಡುತ್ತಿದ್ದೆ' ಎಂದು ಬರೆದಿದ್ದೀ.

ಇಲ್ಲಿ ಎಲ್ಲರೂ ನನ್ನ ಎದುರಿಗೆ ದನಿ ತಗ್ಗಿಸಿ ಮಾತಾಡುತ್ತಾರೆ. ಹಾಗೆ ಮಾತಾಡದವನು ನೀನೊಬ್ಬ ಉಳಿದಿದ್ದೆ.

ಶ್ವೇತಾ


ರಾಣೇಬೆನ್ನೂರು
೨೮ ನವೆಂಬರ್ ೨೦೨೪

ಶ್ವೇತಾ,

ಹೌದು. ತೆಗೆದೆ. ಅಕ್ಟೋಬರಿನಲ್ಲಿ.

ಪುಣೆಯವರು ಕೇಳಿದ್ದು ನಿಜ. ಫೋನಿನಲ್ಲಿ ಆಡುವವರಿಗೆ ಮೂರು ಕ್ಷಣದಲ್ಲಿ ನಕ್ಷೆ ಬೇಕಂತೆ. ಆದರೆ ಅವರು ಕೇಳುವ ಮೊದಲೇ ನಾನು ನಿನ್ನ ಕೋಡನ್ನು ಓಡಿಸುವುದು ಬಿಟ್ಟಿದ್ದೆ. ಅದನ್ನು ಹೇಳುತ್ತೇನೆ.

ಜೂನಿನಲ್ಲಿ ಆ ದಿನ ಮಧ್ಯಾಹ್ನ ನೀನು ನೆಲವನ್ನು ವೇಗವಾಗಿ ಸರಿಸಿ ನೋಡುತ್ತಿದ್ದೆ. ತೆರೆಯ ಮೇಲೆ ನೀಲಿ, ಕಂದು, ನೀಲಿ, ಕಂದು ಎಂದು ಮಿಣುಕುತ್ತಿತ್ತು. ನಾನು ಏನೋ ಕೇಳಿದೆ. ನೀನು ಉತ್ತರ ಕೊಡಲಿಲ್ಲ. ತಿರುಗಿ ನೋಡಿದರೆ ನಿನ್ನ ಕುತ್ತಿಗೆ ಒಂದು ಕಡೆಗೆ ಹೊರಳಿತ್ತು, ಆಮೇಲೆ ನೀನು ಕುರ್ಚಿ ಸಮೇತ ಬಿದ್ದೆ. ಕೈಕಾಲು ಸೆಟೆದುಕೊಂಡವು. ಬಾಯಿಂದ ನೊರೆ. ನಾನು ಏನೂ ಮಾಡಲಿಲ್ಲ. ಮಾಡಲು ಗೊತ್ತಿರಲಿಲ್ಲ. ಕೊಟ್ರಪ್ಪನವರು ಓಡಿ ಬಂದು ನಿನ್ನ ಮುಷ್ಟಿಯಲ್ಲಿ ಅಂಗಡಿಯ ಕೀಲಿಕೈ ಹಿಡಿಸಿದರು. ಅಷ್ಟೂ ಹೊತ್ತು ಮೇಜಿನ ಮೇಲೆ ಖಂಡಗಳು ಸರಿಯುತ್ತಲೇ ಇದ್ದವು. ಯಾರಿಗೂ ನಿಲ್ಲಿಸಲು ತೋಚಲಿಲ್ಲ. ಆಂಬುಲೆನ್ಸು ಹೋದ ಮೇಲೆ ನಾನು ಹಿಂದಿರುಗಿ ಬಂದಾಗ ಭೂಮಿ ತಯಾರಾಗಿತ್ತು.

ಸೆಪ್ಟೆಂಬರಿನಲ್ಲಿ ನಿನಗಾಗಿ ಅದನ್ನು ಓಡಿಸಿದಾಗಲೆಲ್ಲ ತೆರೆಗೆ ಟವೆಲ್ ಹೊದಿಸಿ ಕೂತಿದ್ದೆ. ಮುಗಿದ ಮೇಲೆ ತೆಗೆದು ನೋಡಿದೆ. ನಿನಗೆ ಕಾಗದ ಹಾಕಿದ ಮೇಲೆ ಮತ್ತೆ ಓಡಿಸಲು ಆಗಲಿಲ್ಲ. ನಿನ್ನನ್ನು ಬೀಳಿಸಿದ್ದು ಆ ಬಣ್ಣಗಳೇ ಎಂದು ನನಗೆ ಅನಿಸಿಬಿಟ್ಟಿದೆ. ಪುಣೆಯವರು ತೆಗೆಯಿರಿ ಎಂದಾಗ ಹಗುರವಾಯಿತು. ನಿನಗೆ ತಿಳಿಸಿದರೆ ನಿನ್ನ ಕಾಗದಗಳು ನಿಲ್ಲುತ್ತವೆ ಎಂದು ಸುಳ್ಳು ಬರೆದೆ.

ಇನ್ನು ನಿನ್ನಿಷ್ಟ.

ಮಾಲತೇಶ


ಬ್ಯಾಡಗಿ
೨೦ ಜನವರಿ ೨೦೨೫

ಮಾಲತೇಶ,

ಎರಡು ತಿಂಗಳ ಹತ್ತಿರ ಆಯಿತು. ಕಾಗದ ತೆಗೆದುಕೊಂಡು ಕೂತದ್ದು ಇದು ಮೊದಲ ಸಲವಲ್ಲ.

ನಾನು ಹೇಗೆ ಬಿದ್ದೆ ಎಂದು ಮೊದಲು ಹೇಳಿದವನು ನೀನು. ಮನೆಯಲ್ಲಿ ಎಲ್ಲರೂ 'ಚಕ್ಕರ್' ಎನ್ನುತ್ತಾರೆ. ಓದಿ ಹೆದರಿಕೆಯಾಯಿತು, ನಾಚಿಕೆಯೂ ಆಯಿತು. ಆಮೇಲೆ ಈ ಮೈ ಮತ್ತೆ ನನ್ನದಾಯಿತು ಅನಿಸಿತು.

ಸಂಕ್ರಾಂತಿಯ ಮಾರನೇ ದಿನ ಹಾವೇರಿಯಿಂದ ನನ್ನನ್ನು ನೋಡಲು ಬಂದರು. ಹುಡುಗ ಕಾಲೇಜಿನಲ್ಲಿ ಲೆಕ್ಚರರ್, ಮೆತ್ತಗಿನ ಮನುಷ್ಯ. ಪರೀಕ್ಷೆಯನ್ನು ಮುಂದೂಡುತ್ತಿದ್ದುದು ಯಾಕೆಂದು ಆಗ ತಿಳಿಯಿತು. ಹುಬ್ಬಳ್ಳಿಯ ದವಾಖಾನೆಯಲ್ಲಿ ಯಾರಾದರೂ ನಮ್ಮನ್ನು ಕಂಡರೆ ಸಂಬಂಧ ಕೆಡುತ್ತದೆ ಎಂದು. "ಏನೂ ಹೇಳಬ್ಯಾಡ, ಮದವಿ ಆದಮ್ಯಾಲ ಎಲ್ಲಾ ತಾನ ಸರಿ ಹೋಗತೈತಿ" ಎಂದು ಅವ್ವ ಹೂ ಮುಡಿಸುತ್ತಾ ಹೇಳಿದಳು.

ಉಪ್ಪಿಟ್ಟು, ಚಹಾ ಆಯಿತು. ಹುಡುಗನ ತಾಯಿ, "ಆಕಿನೂ ಏನಾರ ಮಾತಾಡ್ಲಿ, ಕೇಳೂಣು" ಎಂದರು.

"ನನಗ ಫಿಟ್ಸ್ ಐತ್ರಿ. ಜೂನ್‌ದಾಗ ಬಂದಿತ್ತು. ಗುಳಿಗಿ ತೊಗೊಳ್ಳಾಕತ್ತೇನಿ" ಎಂದೆ.

ಅಣ್ಣ ನೆಲ ನೋಡಿದ. ಆ ತಾಯಿ ಕಪ್ಪು ಕೆಳಗಿಟ್ಟು, "ಫೋನಿನ್ಯಾಗ ಹೇಳಿದ್ರ ಸಾಕಾಗಿತ್ತಲ್ರೀ ಶಂಭುಲಿಂಗಪ್ಪ, ಬರೂದರ ತಪ್ಪತಿತ್ತು" ಎಂದರು. ಬೈಯಲಿಲ್ಲ. ಹುಡುಗ ಹೋಗುವಾಗ ಚಪ್ಪಲಿ ಮೆಟ್ಟುತ್ತಾ ನನ್ನ ಕಡೆ ನೋಡಿ, "ಕಾಳಜಿ ತೊಗೋರಿ" ಎಂದ. ಕಾರು ತಿರುಗಿಸಿಕೊಂಡು ಹೋದರು.

ಅವ್ವ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಬಚ್ಚಲ ಹೊರಗೆ ಮಾತ್ರ ಇನ್ನೂ ಕೂರುತ್ತಾಳೆ.

ಮುಚ್ಚಿಡಲು ಏನೂ ಉಳಿಯಲಿಲ್ಲವಲ್ಲ, ಅಣ್ಣ ಹುಬ್ಬಳ್ಳಿಗೆ ಕರೆದುಕೊಂಡು ಹೋದ. ತಲೆಗೆ ತಂತಿಗಳನ್ನು ಅಂಟಿಸಿ, ಕಣ್ಣೆದುರು ದೀಪ ಮಿಣುಕಿಸಿದರು. ನಿಧಾನವಾಗಿ, ಜೋರಾಗಿ, ಎಲ್ಲ ತರದಲ್ಲೂ. ಏನೂ ಆಗಲಿಲ್ಲ. ಫಿಟ್ಸ್ ಬರುವುದಕ್ಕೂ ಬೆಳಕಿಗೂ ನನ್ನಲ್ಲಿ ಸಂಬಂಧವಿಲ್ಲವಂತೆ. ತೆರೆ ನೋಡಬಹುದು, ಕೆಲಸ ಮಾಡಬಹುದು. ನಿದ್ದೆಗೆಡಬಾರದು, ಗುಳಿಗೆ ಬಿಡಬಾರದು, ಅಷ್ಟೇ.

ಆ ಬಣ್ಣಗಳು ನನ್ನನ್ನು ಬೀಳಿಸಲಿಲ್ಲ, ಮಾಲತೇಶ. ಜೂನ್‌ನಿಂದ ನಾನು ಕತ್ತಲಲ್ಲಿ ಕೂತದ್ದು ಯಾವುದಕ್ಕೂ ಬೇಕಿರಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಅಣ್ಣ ಅತ್ತ. ನನಗೆ ಅಳು ಬರಲಿಲ್ಲ.

ಫೋನು ಕೊಟ್ಟಿದ್ದಾರೆ.

ಶ್ವೇತಾ


ರಾಣೇಬೆನ್ನೂರು
೧೬ ಫೆಬ್ರವರಿ ೨೦೨೫

ಶ್ವೇತಾ,

ಫೋನು ಕೊಟ್ಟಿದ್ದಾರೆ ಎಂದು ಕಾಗದದಲ್ಲಿ ಬರೆದಿದ್ದೀ. ವಾಟ್ಸಪ್ಪಿನಲ್ಲಿ ನಿನ್ನ ಹೆಸರಿನ ಕೆಳಗೆ 'ಆನ್‌ಲೈನ್' ಎಂದು ಬರುತ್ತದೆ, ಹೋಗುತ್ತದೆ. ನಾನೂ ಏನೋ ಬರೆದು ಅಳಿಸುತ್ತೇನೆ. ಕಾಗದದಲ್ಲಿ ಇಷ್ಟು ಮಾತಾಡಿದ ಮೇಲೆ ಅಲ್ಲಿ 'ಹಾಯ್' ಎಂದು ಹೇಗೆ ಶುರು ಮಾಡುವುದು?

ಪರೀಕ್ಷೆಯ ಸುದ್ದಿ ಓದಿ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತಿದ್ದೆ. ಸಂತೋಷಪಡಬೇಕೋ ಏನೋ ತಿಳಿಯಲಿಲ್ಲ.

ಆಟ ಬಿಡುಗಡೆಯಾಗಿದೆ. ಜನ ಆಡುತ್ತಿದ್ದಾರೆ. ಬೆಟ್ಟ ಯಾಕೆ ಅಲ್ಲಿದೆ ಎಂದು ಒಬ್ಬರೂ ಕೇಳಿಲ್ಲ. ನಿನ್ನ ಕೋಡು ನಿನ್ನದೇ ಎಂದು ಪುಣೆಯವರಿಂದ ಬರೆಸಿಕೊಂಡಿದ್ದೇನೆ. ನಿನ್ನ ಕಂಪ್ಯೂಟರಿನಲ್ಲಿ ಇದ್ದಂತೆಯೇ ಇದೆ.

ಕೊಟ್ರಪ್ಪನವರು ಈ ಕೋಣೆಯನ್ನು ಬೀಜದ ಚೀಲ ಇಡಲು ಕೇಳುತ್ತಿದ್ದಾರೆ. "ನೀವೊಬ್ರಿಗೆ ಇಷ್ಟು ದೊಡ್ಡ ಖೋಲಿ ಯಾತಕ್ರೀ?" ಎಂದರು. ಪುಣೆಯವರ ಕೆಲಸವನ್ನು ನಾನು ಮನೆಯಲ್ಲೇ ಕೂತು ಮಾಡಬಹುದು. ಯುಗಾದಿಯೊಳಗೆ ಹೇಳಬೇಕು. ನಾನು ಏನು ಹೇಳಲಿ?

ಮಾಲತೇಶ


ರಾಣೇಬೆನ್ನೂರು, ನಮ್ಮ ಕೋಣೆ
೧೨ ಮಾರ್ಚ್ ೨೦೨೫

ಮಾಲತೇಶ,

ಈ ಕಾಗದಕ್ಕೆ ಅಂಚೆ ಚೀಟಿ ಇಲ್ಲ. ನಿನ್ನ ಮೇಜಿನ ಮುಂದೆ ಕೂತು ಬರೆಯುತ್ತಿದ್ದೇನೆ.

ಬೆಳಿಗ್ಗೆ ಅವ್ವನಿಗೆ, "ರಾಣೇಬೆನ್ನೂರಿಗೆ ಹೊಂಟೇನಿ, ಒಬ್ಬಾಕಿನ" ಎಂದೆ. ಸಂಕ್ರಾಂತಿಯಿಂದ ಮಾತಾಡದವಳು, "ಹಾದ್ಯಾಗ ಬಿದ್ದಗಿದ್ದೀ" ಎಂದಳು. "ಬಿದ್ರ ಏಳತೇನಬೇ" ಎಂದೆ. ಡಬ್ಬಿ ಕಟ್ಟಿಕೊಟ್ಟಳು. ರೈಲಿನಲ್ಲಿ ಕಿಟಕಿಯ ಪಕ್ಕ ಕೂತು ಬಂದೆ. ಯಾರಿಗೂ ನನ್ನ ಗುರುತಿರಲಿಲ್ಲ, ಯಾರೂ ಸರಿದು ಕೂರಲಿಲ್ಲ. ಒಬ್ಬಾಕೆ ತನ್ನ ಕೂಸನ್ನು ನನ್ನ ತೊಡೆಯ ಮೇಲೆ ಕೂಡಿಸಿ ನಿದ್ದೆ ಹೋದಳು. ಎಷ್ಟು ಆರಾಮವಾಯಿತೆಂದು ನಿನಗೆ ಹೇಗೆ ಹೇಳಲಿ.

ನೀನು ಇರಲಿಲ್ಲ. ಹುಬ್ಬಳ್ಳಿಗೆ ಹೋಗಿದ್ದೀಯಂತೆ. ಮೊದಲೇ ಫೋನು ಮಾಡಿ ಬರಬೇಕಿತ್ತು, ಮಾಡಲಿಲ್ಲ. ಕೊಟ್ರಪ್ಪನವರು ನನ್ನನ್ನು ನೋಡಿ ಗಲ್ಲಾಪೆಟ್ಟಿಗೆಯ ಮುಂದಿನಿಂದ ಎದ್ದುಬಿಟ್ಟರು. ಬಾಗಿಲು ತೆರೆದುಕೊಟ್ಟು, ಸ್ವಲ್ಪ ಹೊತ್ತಿಗೊಮ್ಮೆ, "ಚಹಾ ಬೇಕೇನ್ರಿ?" ಎಂದು ನೆಪ ಮಾಡಿಕೊಂಡು ಮೆಟ್ಟಿಲು ಹತ್ತಿ ಬಂದು ನೋಡಿ ಹೋಗುತ್ತಿದ್ದರು.

ಡಬ್ಬಿ ಉಂಡು, ನನ್ನ ಕುರ್ಚಿಯ ಧೂಳು ಒರೆಸಿ ಕೂತೆ. ಫಲಕಗಳನ್ನು ಓಡಿಸಿದೆ. ಪೂರಾ ಮುಕ್ಕಾಲು ತಾಸು ಕಣ್ಣು ತೆಗೆಯದೆ ನೋಡಿದೆ. ನೆಲ ಒಡೆಯಿತು, ಕೂಡಿತು, ನಿಂತಿತು, ಮತ್ತೆ ಒಡೆಯಿತು. ನನಗೆ ಏನೂ ಆಗಲಿಲ್ಲ. ಮುಗಿದಾಗ ಅಭ್ಯಾಸಬಲದಿಂದ, "ಮಾಲ್ಯಾ, ಇಲ್ಲಿ ನೋಡು" ಎಂದು ಗಟ್ಟಿಯಾಗಿ ಅಂದೆ. ನಿನ್ನ ಕುರ್ಚಿಯ ಕಡೆ ತಿರುಗಿದೆ. ಆಗ ಅಳು ಬಂತು. ಇಷ್ಟು ತಿಂಗಳಿಂದ ಬಾರದಿದ್ದದ್ದು.

ನಿನ್ನ ಮೇಲಿನ ಸಿಟ್ಟು ಪೂರಾ ಹೋಗಿದೆ ಎಂದರೆ ಸುಳ್ಳಾಗುತ್ತದೆ. ಆದರೆ ಈ ಕೋಣೆಯಲ್ಲಿ ನೀನೊಬ್ಬನೇ ಇಷ್ಟು ದಿನ ಹೇಗೆ ಕೂತಿದ್ದೆ ಎಂದು ಇವತ್ತು ಗೊತ್ತಾಯಿತು.

ಪುಣೆಯವರ ಕೆಲಸ ನನಗೆ ಬೇಡ. ಅದನ್ನು ನೀನು ಮಾಡು. ನನ್ನ ಫಲಕಗಳಿಗೆ ತಕ್ಕ ಇನ್ನೊಂದು ಆಟವನ್ನು ನಾನು ಶುರು ಮಾಡುತ್ತೇನೆ. ಕಾಯುವವರು ಎಲ್ಲಾದರೂ ಕೆಲವರು ಇರುತ್ತಾರೆ. ಕೋಣೆ ಬಿಡುವುದಿಲ್ಲ ಎಂದು ಕೊಟ್ರಪ್ಪನವರಿಗೆ ನಾನೇ ಹೇಳಿದೆ. ಸೋಮವಾರದಿಂದ ಬೆಳಗಿನ ರೈಲಿಗೆ ಬಂದು ಸಂಜೆಯ ರೈಲಿಗೆ ಹೋಗುತ್ತೇನೆ.

ಒಂದು ಮಾತು. ಕೆಲಸ ಮಾಡುವಾಗ ನನ್ನನ್ನು ಕಾಯುತ್ತಾ ಕೂರಬೇಡ. ಬಿದ್ದರೆ ಎಡಮಗ್ಗುಲಿಗೆ ಹೊರಳಿಸು, ತಲೆಯಡಿ ಏನಾದರೂ ಮೆತ್ತಗಿನದು ಇಡು. ಬಾಯಿಗೆ ನೀರು ಹಾಕಬೇಡ, ಕೀಲಿಕೈ ಹಿಡಿಸಲು ಬಿಡಬೇಡ. ಅದು ತಾನಾಗಿ ನಿಲ್ಲುತ್ತದೆ. ಐದು ನಿಮಿಷವಾದರೂ ನಿಲ್ಲದಿದ್ದರೆ ಆಂಬುಲೆನ್ಸು ಕರೆ. ನಿಂತರೆ, ಕಣ್ಣು ಬಿಡುವವರೆಗೂ ಪಕ್ಕದಲ್ಲಿರು. ಕಣ್ಣು ಬಿಟ್ಟಾಗ ನಾನು ಎಲ್ಲಿದ್ದೇನೆಂದು ನನಗೆ ತಿಳಿಯುವುದಿಲ್ಲವಂತೆ. ರಾಣೇಬೆನ್ನೂರು ಎಂದು ಹೇಳು. ನಿನ್ನ ಹೆಸರೂ ಹೇಳು.

ರೈಲಿನ ಹೊತ್ತಾಯಿತು.

ಶ್ವೇತಾ